ಅಜ್ಜಿ ಹೇಳದ ಹೆಸರು

ಶಹಾಬಜಾರದ ನಮ್ಮ ಮನೆಯಲ್ಲಿ ಪ್ರಾಸವಿಲ್ಲದೆ ಏನೂ ನಡೆಯುತ್ತಿರಲಿಲ್ಲ. ಮಜ್ಜಿಗೆ ಹುಳಿಯಾದರೆ ಅದಕ್ಕೊಂದು ಪ್ರಾಸ, ಹಾಲಿನವನು ತಡಮಾಡಿದರೆ ಅವನಿಗೊಂದು, ಬೆಕ್ಕು ಬೆಳಕಿಂಡಿಯಿಂದ ಅಡುಗೆಮನೆಗೆ ಹಾರಿದರೆ ಅದಕ್ಕೂ ಒಂದು. ಎಲ್ಲವೂ ಅಜ್ಜಿಯ ಬಾಯಿಂದ. ಅಪ್ಪನ ತಾಯಿ ಈಕೆ. ಓಣಿಯಲ್ಲಿ ಮದುವೆಯೋ ಬಸುರಿಯ ಕುಬಸವೋ ಬಂತೆಂದರೆ ಹೊಸ ಸೊಸೆಯರು ಮಧ್ಯಾಹ್ನದ ಹೊತ್ತು ನಮ್ಮ ಪಡಸಾಲೆಯ ತಣ್ಣನೆಯ ಫರಸಿಯ ಮೇಲೆ ಬಂದು ಕೂರುತ್ತಿದ್ದರು. ಗಂಡನ ಹೆಸರನ್ನು ಬಾಯಲ್ಲಿ ತೆಗೆಯಬಾರದು. ಆದರೆ ನಾಲ್ಕು ಮಂದಿ ಹೆಣ್ಣುಮಕ್ಕಳು ಸೇರಿದಾಗ ಒಡಪು ಕಟ್ಟಿ, ಅದರ ಮಡಿಲಲ್ಲಿ ಹೆಸರಿಟ್ಟು ಹೇಳಬಹುದು, ಹೇಳಲೇಬೇಕು. ಕಟ್ಟಲು ಬಾರದವರಿಗೆ ಅಜ್ಜಿ ಕಟ್ಟಿಕೊಡುತ್ತಿದ್ದಳು. "ಹಿತ್ತಲ ಬಾಗಲಕ್ಕ ಹಿತ್ತಾಳಿ ಚಿಲಕ, ಗೋಪಾಳರಾಯರ ಹೆಸರ ಹೇಳ್ತೀನಿ ಹಚ್ಚಿ ತಿಲಕ." ಗೋಪಾಳರಾಯರ ಹೆಂಡತಿ ಅದನ್ನೇ ಗಿಳಿಯಂತೆ ಒಪ್ಪಿಸಿಕೊಂಡು ಹೋಗುವಳು. ಅಜ್ಜಿ ತನಗಾಗಿ ಮಾತ್ರ ಒಂದನ್ನೂ ಹೇಳುತ್ತಿರಲಿಲ್ಲ. ಅಜ್ಜ ತೀರಿಕೊಂಡ ಮೇಲೆ ಕುಂಕುಮದ ಜೊತೆ ಒಡಪು ಹೇಳುವ ಹಕ್ಕೂ ಹೋಗಿತ್ತು. ಕಟ್ಟುವ ಹಕ್ಕನ್ನು ಮಾತ್ರ ಅವಳು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ.

ಇಂಥ ಮನೆಯಲ್ಲಿ, ದಿನವೂ ಸಾಲಿಗ್ರಾಮದ ಪೂಜೆಯಾಗುವ, ಅಜ್ಜಿ ಮಡಿಯುಟ್ಟರೆ ಗಾಳಿಯೂ ಸರಿದು ಹೋಗಬೇಕಾದ ಈ ಮನೆಯಲ್ಲಿ, ನನ್ನ ಹೆಸರು ಸ್ಟೆಲ್ಲಾ. ನಗಬೇಡಿ. ನಕ್ಕವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಸಾಲೆಯಲ್ಲಿ ಮೊದಲ ದಿನ ಹಾಜರಿ ಕರೆದ ಬಾಯಾರು ನನ್ನ ಹಣೆಯ ಕುಂಕುಮವನ್ನೂ ಎಣ್ಣೆ ಸುರಿಯುವ ಜಡೆಯನ್ನೂ ನೋಡಿ, "ಸ್ಟೆಲ್ಲಾ ಇವತ್ತ ಬಂದಿಲ್ಲೇನು?" ಎಂದು ನನ್ನನ್ನೇ ಕೇಳಿದ್ದರು. ನಾನು ಹೆದರಿ, ಬಂದಿಲ್ಲ ಎಂದುಬಿಟ್ಟೆ. ಸಂಜೆಯವರೆಗೂ ಒಂದೇ ಲೆಕ್ಕ: ನಾನು ಸಾಲೆಗೆ ಬಂದಿಲ್ಲ ಅಂದಮೇಲೆ ಮನೆಗೆ ಹೋಗುವುದು ಯಾರು? ಚಿಂತೆ ಮಾಡುವ ಕೆಲಸವನ್ನು ನಾನು ಆಗಿನಿಂದಲೇ ಮನಸ್ಸಿಟ್ಟು ಮಾಡುತ್ತ ಬಂದಿದ್ದೇನೆ.

ಅಪ್ಪನಿಗೆ ಆ ಹೆಸರೆಂದರೆ ಹೆಮ್ಮೆ. ಕಚೇರಿಯಲ್ಲಿ ಕಾರಕೂನರಾಗಿದ್ದ ಅವರಿಗೆ ಇಂಗ್ಲಿಷಿನ ಮೇಲೆ ಸೋದರಮಾವನ ಮೇಲಿರುವಂಥ ಪ್ರೀತಿ. ಮನೆಗೆ ಯಾರೇ ಬಂದರೂ ಚಹಾ ಬರುವ ಮೊದಲೇ ನನ್ನ ಹೆಸರಿನ ಅರ್ಥ ಬರುತ್ತಿತ್ತು. ಸ್ಟೆಲ್ಲಾ ಅಂದರೆ ಚುಕ್ಕಿ. ಮೂಲ ಇಂಗ್ಲಿಷೂ ಅಲ್ಲ, ಅದಕ್ಕಿಂತ ಹಳೆಯ ಲ್ಯಾಟಿನ್. ದೀಪ ಹಚ್ಚುವ ಹೊತ್ತಿಗೆ ಮಾಳಿಗೆಗೆ ಕರೆದುಕೊಂಡು ಹೋಗಿ, ಎಲ್ಲಕ್ಕಿಂತ ಮೊದಲು ಮೂಡಿದ್ದನ್ನು ತೋರಿಸಿ, "ಎಂಥಾ ಹೆಸರು ಸಿಕ್ಕದ ನೋಡವಾ ನಿನಗ" ಅನ್ನುತ್ತಿದ್ದರು. ಇಟ್ಟಿದ್ದೇನೆ ಎನ್ನುತ್ತಿರಲಿಲ್ಲ, ಸಿಕ್ಕಿದೆ ಎನ್ನುತ್ತಿದ್ದರು. ಆ ವ್ಯತ್ಯಾಸವನ್ನು ಕೇಳಿಸಿಕೊಳ್ಳುವಷ್ಟು ಬುದ್ಧಿ ನನಗಿರಲಿಲ್ಲ. ನನ್ನ ತಲೆಯಲ್ಲಿ ಬೇರೆ ಗಾಬರಿ ಓಡುತ್ತಿತ್ತು. ಚುಕ್ಕಿಗಳು ಬೀಳುತ್ತವಂತೆ. ಬಿದ್ದರೆ ನಮ್ಮ ಮಣ್ಣಿನ ಮಾಳಿಗೆ ತಾಳೀತೇ?

ದೇವರ ಗುಡಿಯಲ್ಲಿ ಇನ್ನೊಂದು ಪಜೀತಿ. ಅರ್ಚನೆಗೆ ಗೋತ್ರ ಕೇಳಿ, ಹೆಸರು ಕೇಳಿ, ಆಚಾರ್ಯರು ಹೂವು ಹಿಡಿದ ಕೈ ಹಿಡಿದಂತೆಯೇ ನಿಲ್ಲುತ್ತಿದ್ದರು.

"ಏನಂದ್ರಿ ರಾಯರ?"

"ಸ್ಟೆಲ್ಲಾ. ನಕ್ಷತ್ರ ಅಂತ ಅರ್ಥ ಅದ ಆಚಾರ್ರ."

"ನಕ್ಷತ್ರ ಆಮ್ಯಾಲ ಕೇಳ್ತೀನಿ. ಮೊದಲ ಹೆಸರ ಹೇಳ್ರಿ."

ಕಡೆಗೆ ನನ್ನ ಹೆಸರಿನಲ್ಲಿ ಯಾವ ಪೂಜೆ ಯಾರಿಗೆ ಮುಟ್ಟಿತೋ, ದೇವರೇ ಬಲ್ಲ. ದೇವರೂ ಬಲ್ಲನೋ ಇಲ್ಲವೋ ಎಂಬುದೇ ನನ್ನ ಚಿಂತೆಯಾಗಿತ್ತು.

ಓಣಿಯ ಮಕ್ಕಳಿಗೆ ಮಾತ್ರ ಅರ್ಥ ಬೇಕಿರಲಿಲ್ಲ, ಪ್ರಾಸ ಸಾಕಿತ್ತು. ಕನ್ನಡದಲ್ಲಿ ಅದಕ್ಕೇನು ಬರವೇ? ನನ್ನ ಹಾಲುಹಲ್ಲು ಬಿದ್ದ ವರ್ಷ ಅವರ ಸುಗ್ಗಿ.

"ಸ್ಟೆಲ್ಲಾ ಸ್ಟೆಲ್ಲಾ, ಮುಂದಿನ ಹಲ್ಲಿಲ್ಲಾ! ಅಂಗಡ್ಯಾಗದ ಬೆಲ್ಲಾ, ಕಡೀಲಿಕ್ಕಾಗೂದಿಲ್ಲಾ!"

ಈ ಮೇಳದ ಮುಂದಾಳು ನನ್ನ ಕಾಕಾನ ಮಗಳು ರುಕ್ಮಿಣಿ. ನನಗಿಂತ ಒಂದು ವರ್ಷಕ್ಕೆ ದೊಡ್ಡವಳು, ಒಂದೇ ಮನೆಯಲ್ಲಿ ಒಂದೇ ಹಾಸಿಗೆಯಲ್ಲಿ ಮಲಗುವವಳು. ಅವಳಿಗೆ ಇಟ್ಟಿದ್ದು ಅಜ್ಜಿಯ ಅತ್ತೆಯ ಹೆಸರು. ಅತ್ತೆಯ ಹೆಸರನ್ನು ಸೊಸೆ ಹೇಗೆ ಕರೆದಾಳು? ಆದ್ದರಿಂದ ಅಜ್ಜಿ ಅವಳನ್ನು 'ಬಾಯಕ್ಕ' ಅನ್ನುತ್ತಿದ್ದಳು. ಬೈಯುವಾಗಲೂ ಮರ್ಯಾದೆ ಬಿಡುತ್ತಿರಲಿಲ್ಲ: "ಬಾಯಕ್ಕ, ಉಪ್ಪಿನಕಾಯಿ ಭರಣಿಗೆ ಇನ್ನೊಮ್ಮೆ ಕೈ ಹಾಕಿದ್ರ ಕಾಲ ಮುರೀತೀನ್ರಿ ನಿಮ್ಮದು!" ನಾವೆಲ್ಲ ಬಿದ್ದು ಬಿದ್ದು ನಗುತ್ತಿದ್ದೆವು. ರುಕ್ಮಿಣಿ ಮಾತ್ರ ಸತ್ತುಹೋದ ಮುತ್ತಜ್ಜಿಯ ಗತ್ತಿನಲ್ಲಿ ಬೆರಳು ನೆಕ್ಕುತ್ತ ಹೊರಟುಹೋಗುವಳು.

ನನ್ನನ್ನು ಅಜ್ಜಿ ಹೆಸರು ಹಿಡಿದು ಒಮ್ಮೆಯೂ ಕರೆಯಲಿಲ್ಲ. 'ಕೂಸೆ' ಅನ್ನುತ್ತಿದ್ದಳು, 'ಇಕಿ' ಅನ್ನುತ್ತಿದ್ದಳು. ಮೂರನೆಯವರ ಮುಂದೆ ಗುರುತು ಹೇಳಬೇಕಾದರೆ 'ನಮ್ಮ ದವಾಖಾನಿಯಾಕಿ'. ಆಯಿಯ, ಅಂದರೆ ನನ್ನ ತಾಯಿಯ, ತವರು ಕಮಲಾಪುರದಲ್ಲಿ ನಾನು ಹುಟ್ಟಿದೆ, ಅಲ್ಲಿಯ ಸರಕಾರಿ ದವಾಖಾನೆಯ ನರ್ಸಿನ ಹೆಸರು ನನಗೆ ಬಂತು, ನನಗೆ ತಿಳಿದಿದ್ದ ಕಥೆ ಇಷ್ಟೇ. ಆಯಿಯನ್ನು ಕೇಳಿದರೆ ಅವಳು ಅರ್ಧ ಮರಾಠಿಯಲ್ಲಿ ಅರ್ಧ ಕನ್ನಡದಲ್ಲಿ ಮಾತು ಹಾರಿಸುತ್ತಿದ್ದಳು. ಆ ಬಾಣಂತನ ಅವಳಿಗೆ ನೆನೆಸಿಕೊಳ್ಳುವಂಥದ್ದಾಗಿರಲಿಲ್ಲ. 'ದವಾಖಾನಿಯಾಕಿ' ಅಂದಾಗಲೆಲ್ಲ ನನಗೆ ಫಿನಾಯಿಲಿನ ವಾಸನೆ ಬರುತ್ತಿತ್ತು. ಅಜ್ಜಿಗೆ ನನ್ನ ಹೆಸರು ಮೈಲಿಗೆ ಎಂದು ನಾನು ತೀರ್ಮಾನಿಸಿಬಿಟ್ಟಿದ್ದೆ. ಪುರಾವೆಗೇನೂ ಕೊರತೆಯಿರಲಿಲ್ಲ. ರಜೆಗೆ ಕಮಲಾಪುರಕ್ಕೆ ಹೋಗಿ ಬರುವಾಗ ಮಾವ ತಪ್ಪದೆ ಕೆಂಪು ಬಾಳೆಹಣ್ಣಿನ ಚಿಪ್ಪು ಕಟ್ಟಿಕೊಡುತ್ತಿದ್ದ. ಅದರ ಪರಿಮಳಕ್ಕೆ ಬಸ್ಸಿನಲ್ಲಿದ್ದವರೆಲ್ಲ ತಿರುಗಿ ನೋಡಬೇಕು. ಅಜ್ಜಿ ಅದನ್ನು ದೇವರ ಮುಂದಿಟ್ಟು, ಎಲ್ಲರಿಗೂ ಹಂಚಿ, ತಾನು ಮಾತ್ರ ಮುಟ್ಟುತ್ತಿರಲಿಲ್ಲ. ಆಮೇಲೆ ಪೊಲೀಸರ ಹಾಗೆ ವಿಚಾರಣೆ:

"ದವಾಖಾನಿ ಮುಂದ ಹಾದು ಬಂದ್ರೇನು? ಆಕಿ ಸುದ್ದಿ ಏನರ ತಿಳೀತೇನು?"

"ಎಂದೋ ವರ್ಗಾ ಆಗಿ ಹೋಗ್ಯಾಳಂತ ಅತ್ಯಾ," ಆಯಿಯ ಉತ್ತರ ಪ್ರತಿ ಸಲವೂ ಅದೇ.

ಅಜ್ಜಿ ಮುಖ ತಿರುಗಿಸುತ್ತಿದ್ದಳು. ಪೀಡೆ ತೊಲಗಿತು ಎಂಬ ಸಮಾಧಾನ ಅದು ಎಂದು ನಾನು ಓದಿಕೊಂಡೆ. ಮುಖ ಓದುವುದರಲ್ಲಿ ನಾನು ಅಂದಿಗೂ ಇಂದಿಗೂ ನಾಪಾಸು.

ನನಗೆ ಬೇಕಾಗಿದ್ದದ್ದು ದೊಡ್ಡದೇನಲ್ಲ. ಓಣಿಯ ಗಂಡಸರ ಹೆಸರನ್ನೆಲ್ಲ ಬೆಲ್ಲದಲ್ಲಿ ಅದ್ದಿ ಕೊಡುವ ಆ ಬಾಯಿ ಒಂದು ಸಲ ನನ್ನ ಹೆಸರನ್ನು ಹೇಳಬೇಕು. ಅದೊಂದು ಆದರೆ ಗುಡಿಯ ದೇವರಿಗೂ ಸಾಲೆಯ ಬಾಯಾರಿಗೂ ನಾನು ಯಾರೆಂದು ಗೊತ್ತಾಗುತ್ತದೆ ಎಂದು ಹೇಗೋ ನಂಬಿದ್ದೆ.

ಹಲ್ಲು ಬಿದ್ದ ವರ್ಷದ ಸಂಕ್ರಾಂತಿ ಬಂತು. ನಮ್ಮ ಕಡೆ ಆ ದಿನ ಚಿಕ್ಕ ಮಕ್ಕಳಿಗೆ ಕುಸುರೆಳ್ಳಿನ ಹಾರ ಹಾಕಿ, ಮಣೆಯ ಮೇಲೆ ಕೂರಿಸಿ, ತಲೆಯ ಮೇಲೆ ಬಾರಿಹಣ್ಣು, ಕಬ್ಬಿನ ತುಂಡು, ಎಳ್ಳುಬೆಲ್ಲ ಸುರಿಯುತ್ತಾರೆ. ಉರುಳಿದ್ದನ್ನು ಸುತ್ತಲಿನ ಮಕ್ಕಳು ಬಾಚಿಕೊಳ್ಳಬೇಕು. ಅಜ್ಜಿ ಮೊರದಲ್ಲಿ ಹಣ್ಣು ಹಿಡಿದು, ಒಬ್ಬೊಬ್ಬರಿಗೂ ಒಂದೊಂದು ಒಡಪು ಹೇಳುತ್ತ ಸುರಿಯುತ್ತಿದ್ದಳು. ನನ್ನ ಸರದಿ ಬಂದಾಗ ಶುರುಮಾಡಿದಳು:

"ಹೊಲದಾಗಿನ ಬಾರಿಹಣ್ಣು, ಗಾಣದಾಗಿನ ಬೆಲ್ಲಾ,
ಇಕಿ ನಕ್ಕರ ಬೆಳಕ ಬೀಳ್ತದ ಮನಿಗೆಲ್ಲಾ,
ಅಂಥಾ ಚುಕ್ಕಿ ಹೆಸರಿನಾಕಿ..."

ನಿಲ್ಲಿಸಿದಳು. ಮೊರ ಎತ್ತಿ ಮಕ್ಕಳ ಕಡೆ ನೋಡಿದಳು. "ಸ್ಟೆಲ್ಲಾ!" ಎಂದು ಮಕ್ಕಳು ಕಿರುಚಿದರು. ಹಣ್ಣು ನನ್ನ ತಲೆಯ ಮೇಲೆ ಸುರಿಯಿತು.

"ನೀ ಹೇಳಲಿಲ್ಲ," ಅಂದೆ.

"ಎಲ್ಲಾರೂ ಹೇಳಿದ್ರಲ್ಲ ಕೂಸೆ."

"ನೀ ಹೇಳು. ಎಲ್ಲಾರದೂ ಹೇಳಿದಿ, ನಂದೊಂದು ಹೇಳಲಿಲ್ಲ."

ನಾನು ಹಾರ ಕಿತ್ತೆಸೆದೆ. ಕುಸುರೆಳ್ಳು ಫರಸಿಯ ತುಂಬ ಚೆಲ್ಲಾಡಿತು. ಪಡಸಾಲೆಯಿಂದ ಅಪ್ಪ ಎದ್ದು ಬಂದರು. ತಾಯಿಯ ಎದುರು ದನಿ ಎತ್ತದ ಮನುಷ್ಯ ಅಂದು ಎತ್ತಿದರು.

"ಒಮ್ಮೆ ಅಂದುಬಿಡವಾ. ನಾಲಿಗಿ ಹೊರಳೂದಿಲ್ಲೇನು?"

"ಹೊರಳ್ತದ."

"ಮತ್ತ? ಅಂದ್ರ ಸುಡ್ತದೇನು?"

"ಹೌದಪ್ಪಾ, ಸುಡ್ತದ," ಅಂದಳು ಅಜ್ಜಿ. ಖಾಲಿ ಮೊರ ಹಿಡಿದು ಒಳಗೆ ಹೋದಳು.

ಅಂದು ಊಟಕ್ಕೆ ಸಜ್ಜೆಯ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಹೋಳಿಗೆ. ನಾನು ಉಣ್ಣಲಿಲ್ಲ. ಮಡಿಯಲ್ಲಿದ್ದ ಅಜ್ಜಿ ಎಲ್ಲರದೂ ಆದ ಮೇಲೆ ಉಣ್ಣುವವಳು. ನನ್ನ ಊಟ ಆಗದೆ ಅವಳದೂ ಆಗುವಂತಿರಲಿಲ್ಲ. ಸಂಜೆಯವರೆಗೆ ಅವಳು ದೇವರ ಮನೆಯ ಹೊಸ್ತಿಲಲ್ಲಿ, ನಾನು ಕಣಜದ ಹಿಂದೆ, ಇಬ್ಬರೂ ಹಸಿದು ಕೂತೆವು. ಆಯಿ ನನ್ನ ಕೆನ್ನೆಗೊಂದು ಕೊಟ್ಟು ಬಾಯಿಗೆ ಹೋಳಿಗೆ ತುರುಕಿದಳು. ಅಪ್ಪನಿಗಾದರೋ ವಿಷಯ ತಿಳಿಯುವ ಮಾತೇ ಇರಲಿಲ್ಲ. ಹೆಸರು ತೆಗೆಯಬಾರದೆಂಬ ಕಾಯ್ದೆ ಗಂಡಸರ ಮೇಲೆ ಎಂದೂ ಜಾರಿಯಾಗಿದ್ದಿಲ್ಲ. ಆದರೆ ನಾನು ಹೆಣ್ಣು, ಒಡಪಿನ ಮನೆಯಲ್ಲಿ ಬೆಳೆದವಳು, ರುಕ್ಮಿಣಿಯನ್ನು ಬಾಯಕ್ಕ ಎಂದು ಕರೆಯುವುದನ್ನು ದಿನವೂ ಕೇಳಿದವಳು. ನನಗೇನು ಮಂಕು ಬಡಿದಿತ್ತು?

ಆಮೇಲೆ ನಾನು ಕೇಳುವುದನ್ನು ಬಿಟ್ಟೆ. ಕೇಳುವುದನ್ನು ಬಿಟ್ಟೆ ಅಷ್ಟೇ, ಕಾಯುವುದನ್ನಲ್ಲ. ಅಜ್ಜಿಯ ಎಲೆಗೆ ನೀರು ಸುತ್ತಲು ತಂಬಿಗೆ ಇಡುವವಳು ನಾನೇ, ಏಕಾದಶಿಗೆ ಅವಳ ಜೊತೆ ಹಸಿದು ಕೂರುವವಳು ನಾನೇ, ಪುರಾಣದ ಪುಸ್ತಕದ ಸಣ್ಣ ಅಕ್ಷರ ಓದಿಹೇಳುವವಳು ನಾನೇ. ಒಳ್ಳೆಯ ಹುಡುಗಿಯಾದರೆ ಹೆಸರಿನ ಮೈಲಿಗೆ ತೊಳೆದು ಹೋದೀತು ಎಂಬ ಲೆಕ್ಕ. ಜನರ ಬಾಯಿಂದ ಒಂದು ಮಾತು ಬರಿಸಲು ಅವರ ಸುತ್ತ ಸುತ್ತುವ ನನ್ನ ಈ ಚಾಳಿ ಅಲ್ಲಿಯೇ ಅಂಟಿದ್ದು. ಇಂದಿಗೂ ಫೋನು ಮಾಡಿದವರು ಇಡುವ ಮುನ್ನ ನನ್ನ ಹೆಸರು ಹೇಳದಿದ್ದರೆ ಸಿಟ್ಟಾಗಿದ್ದಾರೋ ಏನೋ ಎಂದು ಮತ್ತೆ ನಾನೇ ಫೋನು ಮಾಡುತ್ತೇನೆ.

ಹೀಗೇ ವರ್ಷಗಳು ಉರುಳಿ, ನನ್ನ ಮದುವೆ ಗೊತ್ತಾಯಿತು. ಬ್ಯಾಂಕಿನ ನೌಕರಿಯ ಹುಡುಗ, ಊರಿನವರೇ. ನೋಡಲು ಬಂದಾಗ ಅವರ ತಾಯಿ ಅವಲಕ್ಕಿಯ ತಾಟು ಕೆಳಗಿಡುತ್ತ ಹೇಳಿದರು:

"ಹುಡುಗಿ ಛಲೋ ಇದ್ದಾಳ. ಹೆಸರೊಂದು... ಇರ್ಲಿ ಬಿಡ್ರಿ, ಲಗ್ನದಾಗ ಹೆಂಗೂ ಬದಲಸ್ತೇವಲ್ಲ."

ನಮ್ಮವರಲ್ಲಿ ಆ ಪದ್ಧತಿ ಇದ್ದದ್ದೇ. ತಾಟಿನಲ್ಲಿ ಅಕ್ಕಿ ಹರವಿ, ಮದುಮಗ ಬಂಗಾರದ ಉಂಗುರದಿಂದ ಅದರ ಮೇಲೆ ಹೆಂಡತಿಯ ಹೊಸ ಹೆಸರು ಬರೆಯುತ್ತಾನೆ. ಆದರೆ ಅವರು ಒಳ್ಳೆಯವರು. ಹಿತ್ತಿಲಲ್ಲಿ ಎರಡು ಮಾತಾಡಲು ಬಿಟ್ಟಾಗ ತುಳಸಿಕಟ್ಟೆಯನ್ನು ನೋಡುತ್ತ ಅಂದರು:

"ನಮ್ಮ ಅವ್ವಂದು ಬಿಡ್ರಿ. ನಿಮಗ ಬ್ಯಾಡಂದ್ರ ನಾ ಅದೇ ಹೆಸರ ಬರೀತೀನಿ. ಚಂದ ಅದ. ನಕ್ಷತ್ರ ಅಲ್ಲೇನು?"

ಕೇಳದೆಯೇ ಅರ್ಥ ತಿಳಿದಿದ್ದ ಮೊದಲ ಮನುಷ್ಯ. ಹೂಂ ಅನ್ನಬಹುದಿತ್ತು. ಬಾಯಿಗೂ ಬಂದಿತ್ತು. ಆದರೆ ಆ ಗಳಿಗೆಯಲ್ಲಿ ನನಗೆ ಕಂಡದ್ದು ಅವರ ಮುಖವಲ್ಲ, ಅಜ್ಜಿಯದು. ಎಂಥ ಅವಕಾಶ! ಅವಳ ಬಾಯಿಗೆ ಒಪ್ಪುವ ಹೆಸರು, ಮಡಿಯ ಹೆಸರು, ಪ್ರಾಸಕ್ಕೆ ಪರದಾಡಬೇಕಿಲ್ಲದ ಹೆಸರು. ನಾನು ಮೊದಲೇ ಯೋಚಿಸಿಟ್ಟವಳಂತೆ ಅಂದುಬಿಟ್ಟೆ:

"ಇಂದಿರಾ ಅಂತ ಬರೀರಿ."

ಲಕ್ಷ್ಮಿಯ ಹೆಸರು. ಚಂದಿರ, ಮಂದಿರ, ಸುಂದರ, ಅಜ್ಜಿ ಕೈ ಚಾಚಿದರೆ ಸಾಕು, ಪ್ರಾಸಗಳು ತಾವಾಗಿಯೇ ಬಂದು ಸೆರಗಿಗೆ ಬೀಳುತ್ತವೆ. ಹೆಸರು ಆರಿಸಿದ್ದು ಗಂಡನಿಗಾಗಿ ಅಲ್ಲ, ಅತ್ತೆಗಾಗಿಯೂ ಅಲ್ಲ, ಒಬ್ಬ ಮುದುಕಿಯ ಒಂದು ಕರೆಗಾಗಿ ಎಂದರೆ ಯಾರು ನಂಬುತ್ತಾರೆ?

ಮದುವೆಯ ದಿನ ಅಜ್ಜಿ ಒಳಕೋಣೆಯಲ್ಲಿದ್ದಳು. ವಿಧವೆ ಮಂಗಳಕಾರ್ಯದ ಮುಂದೆ ಬರುವಂತಿರಲಿಲ್ಲ. ಅಕ್ಕಿಯ ತಾಟನ್ನು ನಾನೇ ಎರಡು ಕೈಯಲ್ಲಿ ಹಿಡಿದು, ಅಕ್ಷರ ಅಲುಗಾಡದಂತೆ ಒಳಗೆ ಒಯ್ದೆ. ಬಹುಮಾನ ತೋರಿಸುವ ಹುಡುಗಿಯ ಹಾಗೆ ಅವಳ ಮುಂದಿಟ್ಟೆ. ಅಜ್ಜಿ ಕನ್ನಡಕ ಏರಿಸಿ ಓದಿದಳು.

"ಯಾರ ಆರಿಸಿದ್ರು?"

"ನಾನ ಆರಿಸೀನಿ ಅಜ್ಜಿ."

ಅವಳು ಅಕ್ಕಿಯ ಮೇಲೆ ಕೈಯಿಟ್ಟು, ಬೆರಳುಗಳನ್ನು ಮೆಲ್ಲಗೆ ಒಳಗಿಳಿಸಿ, ಅಡಿಯಲ್ಲಿ ಏನೋ ಸಿಕ್ಕೀತೆಂಬಂತೆ ಅತ್ತಿತ್ತ ಆಡಿಸಿದಳು. ಅಕ್ಷರ ಕಲಸಿಹೋಯಿತು. ಆಶೀರ್ವಾದವಿರಬೇಕು ಎಂದುಕೊಂಡು ನಾನು ಕಾಲಿಗೆ ಬಿದ್ದೆ.

ಪಂಚಮಿ ಹಬ್ಬಕ್ಕೆ ತವರಿಗೆ ಬಂದಾಗ ನನ್ನ ಹರಕೆ ತೀರಿತು. ಹೊಸ್ತಿಲು ದಾಟಿದಾಗಿನಿಂದ ಅಜ್ಜಿಯ ಬಾಯಲ್ಲಿ ನನ್ನ ಹೆಸರೇ. "ಇಂದಿರಾ, ಉಪ್ಪ ತಾ. ಇಂದಿರಾ, ಬೆಕ್ಕ ಬಂತು ನೋಡು, ಓಡಸು. ಇಂದಿರಾ, ಕಿವಿ ಕೇಳಸೂದಿಲ್ಲೇನು?" ಅಷ್ಟು ವರ್ಷ ಕಾದದ್ದು ಮಳೆಯ ಹಾಗೆ ಸುರಿಯಿತು. ಒಂದು ದಿನವೆಲ್ಲ ನೆಂದೆ. ಮರುದಿನ ಮಧ್ಯಾಹ್ನ ಅವಳು ದೇವರ ಮನೆಯ ಮುಂದೆ ಹತ್ತಿ ಹಿಡಿದು ಬತ್ತಿ ಹೊಸೆಯುತ್ತಿದ್ದಾಗ ಪಕ್ಕದಲ್ಲಿ ಹೋಗಿ ಕೂತೆ.

"ಕಡೀಗೂ ನನ್ನ ಹೆಸರ ನಿನ್ನ ಬಾಯಾಗ ಬಂತು ನೋಡಜ್ಜಿ."

"ಬರ್ಲಾರದೇನು? ಓಣಿಗೊಬ್ಬಾಕಿ ಇಂದಿರಾ ಇದ್ದಾಳ. ಕರದ್ರಾತು."

"ಹಂಗಂದ್ರ ಮೊದಲಿನ ಹೆಸರಿನಾಗ ಏನ್ ಮುಳ್ಳಿದ್ವು?"

ಹೊಸೆಯುವ ಕೈ ನಿಂತಿತು.

"ನಾ ನಮ್ಮತ್ತಿ ಹೆಸರ ಎಂದರ ತಗದೀನೇನು?"

"ಇಲ್ಲ. ಅದಕ್ಕೂ ಇದಕ್ಕೂ ಏನ್ ಸಂಬಂಧ?"

"ನೀ ಹುಟ್ಟಿದಾಗ ಅಳಲಿಲ್ಲ. ನೀಲಿಗಟ್ಟಿದ್ದಿ. ನಾ ಅಲ್ಲೇ ಗ್ವಾಡಿ ಹಿಡಕೊಂಡು ನಿಂತಿದ್ದೆ, ಕೃಷ್ಣಾ ಕೃಷ್ಣಾ ಅಂತ. ಆ ನರ್ಸ್ ನಿನ್ನ ಬಾಯಿಗೆ ಬಾಯಿ ಹಚ್ಚಿ ಉಸುರ ಊದಿದ್ಳು. ಊದಿದ್ಳು, ಊದಿದ್ಳು, ನಿಮ್ಮವ್ವ ಹೋದ್ಳು, ಕೂಸ ಹೋತು ಅಂತ ನಾ ಕೂತುಬಿಟ್ಟೆ. ಆಮ್ಯಾಲ ನೀ ಅತ್ತಿ." ಅಜ್ಜಿ ಹತ್ತಿಯ ಎಳೆ ಬಿಡಿಸಿದಳು. "ಉಸುರ ಕೊಟ್ಟಾಕಿ ಹೆಸರ ಇಡ್ರಿ ಅಂತ ನಾನ ಅಂದೆ. ಇಂಗ್ಲೀಷ್ ಹೆಸರಂತ ನಿಮ್ಮಪ್ಪಗೂ ಖುಷಿ ಆತು. ಅವತ್ತೇ ನಾ ಕೆಂಪ ಬಾಳಿಹಣ್ಣ ದೇವರಿಗೆ ಬಿಟ್ಟೆ. ಅಂಥಾಕಿ ಹೆಸರ ಉಪ್ಪ ತಾ, ಬೆಕ್ಕ ಓಡಸು ಅಂತ ದಿನಾ ಬಾಯಾಗ ಹಾಕ್ಕೊಂಡು ತಿರಗಬೇಕಿತ್ತೇನು?"

ನೆಲಕ್ಕೆ ಬಿದ್ದ ಹತ್ತಿಯ ಎಳೆ ಹೆಕ್ಕುತ್ತ ಕೇಳಿದೆ:

"ನನಗ್ಯಾಕ ಹೇಳ್ಲಿಲ್ಲಜ್ಜಿ?"

"ಹೇಳೂದೇನದ ಅದರಾಗ? ಬಾಯಕ್ಕಗೇನು ಹೇಳಿದ್ನೇನು? ಆಕಿಗೆ ತಿಳೀಲಿಲ್ಲಾ?"

ನಿಜ. ಉಪ್ಪಿನಕಾಯಿ ಕದಿಯುವ ರುಕ್ಮಿಣಿಗೆ ತಿಳಿದದ್ದು ಪುರಾಣ ಓದುವ ನನಗೆ ತಿಳಿದಿರಲಿಲ್ಲ. ನನ್ನ ಮುಖ ನೋಡಿ ಅವಳಿಗೇ ಕನಿಕರ ಬಂದಿರಬೇಕು.

"ಹೋಗ್ಲಿ ಬಿಡು. ಇದೂ ಲಕ್ಷ್ಮೀ ಹೆಸರ," ಅಂದಳು. ಹೊಸೆದ ಬತ್ತಿಯನ್ನು ತೊಡೆಯ ಮೇಲಿನಿಂದ ಎತ್ತಿ ಕೊಟ್ಟಳು. "ಇಂದಿರಾ, ದೀಪಕ್ಕ ಎಣ್ಣಿ ಹಾಕು."

ಅಜ್ಜಿ ಹೋಗಿ ಎಷ್ಟೋ ವರ್ಷವಾಯಿತು. ಸಾಯುವತನಕ ಅವಳು ನನ್ನನ್ನು ಇಂದಿರಾ ಎಂದೇ ಕರೆದಳು, ಸಲೀಸಾಗಿ, ಯಾವ ಅಡ್ಡಿಯೂ ಇಲ್ಲದೆ, ಹಾಲಿನವನನ್ನು ಕರೆದಂತೆ. ಅವಳ ನಾಲಿಗೆಯನ್ನು ಸುಡುತ್ತಿದ್ದ ಹೆಸರನ್ನು ನಾನೇ ತಣ್ಣಗೆ ಮಾಡಿದ್ದೆ. ಕಮಲಾಪುರದ ನರ್ಸು ಎಲ್ಲಿಗೆ ವರ್ಗವಾಗಿ ಹೋದಳೋ ತಿಳಿಯಲೇ ಇಲ್ಲ. ಅವಳದೊಂದು ಗುರುತು ಈ ಊರಿನಲ್ಲಿ ಓಡಾಡಿಕೊಂಡಿತ್ತು, ಅದೂ ಅಕ್ಕಿಯಲ್ಲಿ ಕಲಸಿಹೋಯಿತು. ಶಹಾಬಜಾರದ ಮನೆ ಈಗ ಇಲ್ಲ. ಅಲ್ಲಿ ಯಾರೋ ಮೂರಂತಸ್ತು ಎಬ್ಬಿಸಿದ್ದಾರೆ. ನಮ್ಮೂರ ಸೂಪರ್ ಮಾರ್ಕೆಟ್ ಪೇಟೆಯ ಬೀದಿಯಲ್ಲಿ ಕೆಂಪು ಬಾಳೆಹಣ್ಣಿನ ಗಾಡಿ ಕಂಡರೆ ಕೊಳ್ಳುತ್ತೇನೆ. ಮನೆಗೆ ತಂದು, ಹಣ್ಣಾಗಿದೆಯೋ ಇಲ್ಲವೋ ಎಂದು ಚಿಂತಿಸುತ್ತ ಅದು ಕೊಳೆಯುವವರೆಗೆ ಇಡುತ್ತೇನೆ.

ಈಚೆಗೆ ಸಂಕ್ರಾಂತಿಯ ಅರಿಶಿನ ಕುಂಕುಮಕ್ಕೆ ನಮ್ಮ ಕಾಲನಿಯ ಹೆಣ್ಣುಮಕ್ಕಳು ಸೇರಿದ್ದರು. ಗಂಡನನ್ನು ಹೆಸರು ಹಿಡಿದೇ ಕರೆಯುವ ಹುಡುಗಿಯರು ಇವರು. ಒಡಪು ಈಗ ಆಟ, ಮೊಬೈಲಿನಲ್ಲಿ ಚಿತ್ರ ತೆಗೆದುಕೊಳ್ಳುವುದಕ್ಕೆ. "ಹಳೀದು ಒಂದು ಹೇಳ್ರಿ ಇಂದಿರಾಬಾಯಿ, ನಿಮಗ ಭಾಳ ಬರ್ತಾವಂತ," ಎಂದು ಒತ್ತಾಯ ಮಾಡಿದರು. ಏನು ತಿಳಿಯಿತೋ, ಗಂಡನ ಒಡಪು ಬಿಟ್ಟು ಅದನ್ನೇ ಶುರುಮಾಡಿದೆ.

"ಹೊಲದಾಗಿನ ಬಾರಿಹಣ್ಣು, ಗಾಣದಾಗಿನ ಬೆಲ್ಲಾ,
ಇಕಿ ನಕ್ಕರ ಬೆಳಕ ಬೀಳ್ತದ ಮನಿಗೆಲ್ಲಾ,
ಅಂಥಾ ಚುಕ್ಕಿ ಹೆಸರಿನಾಕಿ..."

ಅಲ್ಲಿ ಬಂದು ನಿಂತೆ. ಮರೆತಿರಲಿಲ್ಲ. ಮರೆಯುವಂಥ ಹೆಸರೇ? ತುಟಿಯವರೆಗೆ ಬಂದು, ಅಜ್ಜಿ ನಿಂತ ಜಾಗದಲ್ಲೇ ನಿಂತಿತು. ಹುಡುಗಿಯರು ಮೊಬೈಲು ಎತ್ತಿ ಹಿಡಿದು ಕಾಯುತ್ತಿದ್ದರು.

"ಯಾರ್ರೀ ಆಕಿ? ಹೇಳ್ರಿ!"

"ದೊಡ್ಡಾಕಿ," ಅಂದೆ.

"ಅಯ್ಯ, ಪ್ರಾಸ ಕೂಡ್ಲಿಲ್ಲ ಬಿಡ್ರಿ," ಅಂದಳು ಒಬ್ಬಳು, ಮೊಬೈಲು ಕೆಳಗಿಳಿಸುತ್ತ.